ಬಿಲ್ಲಿನ ಮೇಲೆ ಯಾರ ಹೆಸರಿದೆ?

ಈ ಸಲ ಮಕ್ಕಳ ಓದು, ಅಡುಗೆ, ಆರೋಗ್ಯ ಯಾವುದನ್ನೂ ಎತ್ತಿಕೊಂಡಿಲ್ಲ. ನಮ್ಮೆಲ್ಲರ ತಲೆಯ ಮೇಲಿರುವ ಚಾವಣಿಯ ಬಗ್ಗೆ ಮಾತಾಡೋಣ ಅನ್ನಿಸಿದೆ. ಮಾತು ಎಲ್ಲಿಂದ ಶುರುವಾಗಿ ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನು ನೀವೇ ಓದಿ ನೋಡಿ.

ನಾವಿರುವುದು ನಾಗರಬಾವಿಯಲ್ಲಿ. ಮಾವನವರು ಬದುಕಿದ್ದಾಗ ಮೂವತ್ತು-ನಲವತ್ತರ ನಿವೇಶನದಲ್ಲಿ ಕಟ್ಟಿಸಿದ ಮನೆ. ಕೆಳಗಿನದನ್ನು ಬಾಡಿಗೆಗೆ ಕೊಟ್ಟು ನಾವು ಮೇಲೆ ಇದ್ದೇವೆ. ಅಂದರೆ ನಮಗೂ ಸೂರ್ಯನಿಗೂ ನಡುವೆ ಇರುವುದು ಬರೀ ಐದಿಂಚಿನ ಕಾಂಕ್ರೀಟು. 2024ರ ಎಪ್ರಿಲ್ 28ರ ಭಾನುವಾರ ಬೆಂಗಳೂರಿನ ಉಷ್ಣಾಂಶ 38.5 ಡಿಗ್ರಿ ಮುಟ್ಟಿತ್ತು. 2016ರ ಎಪ್ರಿಲ್‌ನಲ್ಲಿ 39.2 ಡಿಗ್ರಿಯಾಗಿದ್ದನ್ನು ಬಿಟ್ಟರೆ ಈ ಊರು ಅಂಥ ಎಪ್ರಿಲ್ ಕಂಡಿದ್ದು ಕಡಿಮೆ. ಅಂದು ಝುಹ್ರ್ ನಮಾಝಿಗೆ ನಿಂತ ಅತ್ತೆ ಸಜ್ದಾದಿಂದ ಏಳುವಾಗ ತಲೆ ಸುತ್ತಿ ಬಿದ್ದರು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಡಾಕ್ಟರು ನೀರು, ಓಆರ್‌ಎಸ್ ಕೊಡಲು ಹೇಳಿ, “ಇವರನ್ನು ಮಧ್ಯಾಹ್ನ ಆ ಕೋಣೆಯಲ್ಲಿ ಇರಿಸಬೇಡಿ” ಎಂದರು. ಬೇರೆ ಯಾವ ಕೋಣೆ ಇದೆ ನಮಗೆ?

ಮಾರನೇ ದಿನವೇ ಯಜಮಾನರು ಕಂತಿನ ಮೇಲೆ ಎಸಿ ತರುವ ಮಾತೆತ್ತಿದರು. ಅದೇ ರಾತ್ರಿ ಅಮೆರಿಕದ ಮಿಶಿಗನ್‌ನಲ್ಲಿರುವ ಕಿರಿಯ ನಾದಿನಿ ಫೋನ್ ಮಾಡಿದಳು. “ಭಾಭಿ, ಇಲ್ಲಿ ನಾವು ಅಟ್ಟಕ್ಕೆಲ್ಲಾ ಹತ್ತಿಯ ಹಾಗಿರೋ ಹೊದಿಕೆ ಹಾಸಿ, ಕಿಟಕಿ ಬಾಗಿಲ ಸಂದು ಮುಚ್ಚಿಸಿದ್ವಿ. ಖರ್ಚಿನಲ್ಲಿ ಒಂದಷ್ಟು ಸರ್ಕಾರ ತೆರಿಗೆಯಲ್ಲಿ ಬಿಟ್ಟುಕೊಡುತ್ತೆ. ಅಲ್ಲೂ ಏನಾದರೂ ಇರಬಹುದು, ವಿಚಾರಿಸಿ” ಅಂದಳು.

ವಿಚಾರಿಸಿದೆ. ಆಕೆ ಹೇಳಿದ್ದು ನಿಜ. ಅಮೆರಿಕದಲ್ಲಿ 2022ರ ಕಾಯ್ದೆಯೊಂದರ ಪ್ರಕಾರ, ಮನೆಗೆ ಶಾಖ ತಡೆಯುವ ಹೊದಿಕೆ ಹಾಕಿಸಿದರೆ, ಗಾಳಿ ಸೋರುವ ಸಂದುಗಳನ್ನು ಮುಚ್ಚಿಸಿದರೆ ಖರ್ಚಿನ ಶೇಕಡಾ 30ರಷ್ಟು, ವರ್ಷಕ್ಕೆ 1200 ಡಾಲರ್‌ವರೆಗೆ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತಿತ್ತು. 2025ರಲ್ಲಿ ಬಂದ ಹೊಸ ಕಾಯ್ದೆ ಆ ವರ್ಷದ ಡಿಸೆಂಬರ್ 31ಕ್ಕೇ ಅದನ್ನು ಮುಗಿಸಿತು. ಆ ದಿನದೊಳಗೆ ಕೆಲಸ ಮುಗಿಸಿದವರಿಗೆ ಸಿಕ್ಕಿತು, ‘ಮುಂದಿನ ವರ್ಷ ನೋಡೋಣ’ ಅಂದವರಿಗೆ ಹೋಯಿತು. ಸರ್ಕಾರದ ಸವಲತ್ತು ಯಾವ ದೇಶದಲ್ಲೂ ಮನೆ ಬಾಗಿಲಲ್ಲಿ ಕಾದು ಕೂರುವುದಿಲ್ಲ.

ಇನ್ನು ನಮ್ಮಲ್ಲಿ? ಹಳೆಯ ಮನೆಯ ಚಾವಣಿಗೆ ಹೊದಿಕೆ ಹಾಕಿಸಿದರೆ ಹಣ ಕೊಡುವ ಯೋಜನೆ ನನಗೆ ಸಿಗಲಿಲ್ಲ. ಮನೆ ಕಟ್ಟುವವರಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ‘ಇಕೋ ನಿವಾಸ್ ಸಂಹಿತೆ’ ಎಂಬ ನಿಯಮಾವಳಿ ತಂದಿದೆ. ಚಾವಣಿಯ ಮೂಲಕ ಎಷ್ಟು ಶಾಖ ಒಳಗಿಳಿಯಬಹುದು ಎಂಬುದಕ್ಕೆ ಅದು ಒಂದು ಮಿತಿ ಹಾಕಿದೆ. ನಮ್ಮ ನಿಮ್ಮಂಥವರ ಬರೀ ಕಾಂಕ್ರೀಟಿನ ಚಾವಣಿ ಆ ಮಿತಿಯ ಸುಮಾರು ಮೂರು ಪಟ್ಟು ಶಾಖವನ್ನು ಒಳಗೆ ಬಿಡುತ್ತದೆ. ಪಕ್ಕದ ತೆಲಂಗಾಣ 2023ರ ಎಪ್ರಿಲ್‌ನಲ್ಲಿ ‘ತಂಪು ಚಾವಣಿ’ ನೀತಿಯನ್ನೇ ಹೊರಡಿಸಿ, ದೊಡ್ಡ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿತು.

ಹಾಗಾದರೆ ನಮಗೇನೂ ಇಲ್ಲವೇ? ಇದೆ. ನಮ್ಮ ಕರೆಂಟ್ ಬಿಲ್ಲಿನಲ್ಲೇ ಇದೆ.

ರಾಜ್ಯದಲ್ಲಿ 2023ರ ಜುಲೈನಿಂದ ಜಾರಿಗೆ ಬಂದ ಗೃಹಜ್ಯೋತಿ ನಿಮಗೆಲ್ಲಾ ಗೊತ್ತು. ಆದರೆ ಅದರ ಲೆಕ್ಕ ಅನೇಕರಿಗೆ ಗೊತ್ತಿಲ್ಲ. 2022–23ನೇ ಸಾಲಿನಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಉರಿಸಿತ್ತೋ ಅದಕ್ಕೆ ಶೇಕಡಾ 10 ಸೇರಿಸಿ, ಅಷ್ಟು ಉಚಿತ. ಸರಾಸರಿ 130 ಇದ್ದರೆ 143 ಯೂನಿಟ್. ಅದನ್ನು ಮೀರಿ 200ರ ಒಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. ಮೀಟರು 200 ದಾಟಿತೋ, ಆ ತಿಂಗಳ ಇಡೀ ಬಿಲ್ಲನ್ನು ಕಟ್ಟಬೇಕು. 199 ಯೂನಿಟ್‌ಗೂ 201 ಯೂನಿಟ್‌ಗೂ ನಡುವಿನ ಆ ಗೆರೆ ನೂರಾರು ರೂಪಾಯಿಯದು.

ಈಗ ಎಸಿಯ ಲೆಕ್ಕ ಹಾಕಿ. ಒಂದೂವರೆ ಟನ್ನಿನ ಎಸಿ ಗಂಟೆಗೆ ಒಂದರಿಂದ ಒಂದೂವರೆ ಯೂನಿಟ್ ಎಳೆಯುತ್ತದೆ. ದಿನಕ್ಕೆ ಆರು ಗಂಟೆ ಹಾಕಿದರೆ ತಿಂಗಳಿಗೆ ಅದೊಂದೇ 180ಕ್ಕೆ ಮೇಲೆ. ಫ್ರಿಜ್ಜು, ಫ್ಯಾನು, ಮಿಕ್ಸಿ, ಪಂಪು ಸೇರಿದರೆ 200ರ ಗೆರೆ ಎಲ್ಲಿ ಉಳಿಯಿತು? ಎಸಿಯ ಕಂತಿನ ಜೊತೆಗೆ ಸಾವಿರಕ್ಕೆ ಮೇಲ್ಪಟ್ಟ ಬಿಲ್ಲೂ ಬರುತ್ತದೆ. ಅದೇ ಚಾವಣಿಯನ್ನು ತಂಪು ಮಾಡಿ ಗೆರೆಯೊಳಗೆ ಉಳಿದರೆ? ಚಾವಣಿಗೆ ಸರ್ಕಾರ ಸಹಾಯಧನ ಕೊಡದಿರಬಹುದು. ತಂಪಾದ ಚಾವಣಿ ಮಾತ್ರ ಸರ್ಕಾರ ಈಗಾಗಲೇ ಕೊಟ್ಟಿರುವ ರಿಯಾಯಿತಿಯನ್ನು ಕಳೆದುಕೊಳ್ಳದಂತೆ ಕಾಯುತ್ತದೆ. ಬಾಡಿಗೆ ಮನೆಯಲ್ಲಿರುವ ಸಹೋದರಿಯರಿಗೂ ಈ ಲೆಕ್ಕ ಅನ್ವಯಿಸುತ್ತದೆ. ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು.

ನಾವು ಮಾಡಿದ್ದು ಇಷ್ಟು. ಮೊದಲು ತಾರಸಿಯನ್ನು ಚೆನ್ನಾಗಿ ಗುಡಿಸಿ ತೊಳೆದೆವು. ಬಿರುಕುಗಳಿಗೆ ಸಿಮೆಂಟ್ ತುಂಬಿಸಿದೆವು. ಆಮೇಲೆ ಸುಣ್ಣಕ್ಕೆ ಅಂಟು ಬೆರೆಸಿ ಎರಡು ಸಲ ಬಳಿಸಿದೆವು. ಕೂಲಿಯೂ ಸೇರಿ ಮೂರು ಸಾವಿರ ಆಗಲಿಲ್ಲ. ಅಂಗಡಿಯಲ್ಲಿ ಸಿಗುವ ಬಿಳಿ ‘ಕೂಲ್ ರೂಫ್’ ಪೇಂಟು ಇದಕ್ಕಿಂತ ದುಬಾರಿ, ಆದರೆ ಹೆಚ್ಚು ವರ್ಷ ಬಾಳುತ್ತದೆ. ಸುಣ್ಣ ಮಳೆಗೆ ತೊಳೆದು ಹೋಗುವುದರಿಂದ ಪ್ರತಿ ಬೇಸಿಗೆಗೆ ಮುಂಚೆ ಮತ್ತೆ ಬಳಿಯಬೇಕು. ಬಿಳಿ ಚಾವಣಿ ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. ಅಹ್ಮದಾಬಾದ್ ನಗರದ ಬಡಾವಣೆಗಳಲ್ಲಿ ಇದನ್ನು ಮಾಡಿದವರು ಮನೆಯೊಳಗೆ 2ರಿಂದ 5 ಡಿಗ್ರಿ ಕಡಿಮೆಯಾಗುತ್ತದೆ ಎನ್ನುತ್ತಾರೆ. ನನ್ನ ಬಳಿ ಅಳತೆಯ ಯಂತ್ರವಿಲ್ಲ. ಮುಂದಿನ ಬೇಸಿಗೆಯಲ್ಲಿ ಅತ್ತೆ ತಮ್ಮ ಜಾನಮಾಝನ್ನು ಮತ್ತೆ ಅದೇ ಕೋಣೆಯಲ್ಲಿ ಹಾಸಿದರು. ನನಗೆ ಅಷ್ಟು ಸಾಕಾಯಿತು.

ಕೆಲವರು ಸಂಜೆ ತಾರಸಿಗೆ ಬಕೆಟ್‌ಗಟ್ಟಲೆ ನೀರು ಸುರಿಯುತ್ತಾರೆ. 2024ರಲ್ಲಿ ಕುಡಿಯುವ ನೀರಿಗೂ ಟ್ಯಾಂಕರಿನ ಹಿಂದೆ ಓಡಿದ ಊರು ನಮ್ಮದು. ದಯವಿಟ್ಟು ಹಾಗೆ ಮಾಡಬೇಡಿ.

ಸಂದು ಮುಚ್ಚುವ ವಿಚಾರದಲ್ಲಿ ನಾದಿನಿಯ ಊರಿನ ಬುದ್ಧಿಯನ್ನು ಹಾಗೇ ಇಲ್ಲಿಗೆ ತರಬಾರದು. ಅಲ್ಲಿ ಹಿಮ. ಒಳಗಿನ ಬೆಚ್ಚನೆ ಗಾಳಿ ಹೊರಗೆ ಹೋಗಬಾರದು. ಇಲ್ಲಿ ಸೂರ್ಯ ಮುಳುಗಿದ ಮೇಲೆ ಹೊರಗಿನ ಗಾಳಿಯೇ ತಂಪು. ಸಕಲೇಶಪುರದ ನನ್ನ ತವರುಮನೆಗೆ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ತಯಾರಿಸಲು ಶುರು ಮಾಡಿದ ಹಂಚು ಅದು. ಬಿಸಿಗಾಳಿ ಮೇಲೇರಿ ಹಂಚಿನ ಸಂದಿನಲ್ಲಿ ಹೊರಟುಹೋಗುತ್ತಿತ್ತು, ಕೆಳಗೆ ಅಟ್ಟದ ಹಲಗೆ ಶಾಖ ತಡೆಯುತ್ತಿತ್ತು. ಕಾಂಕ್ರೀಟಿನಲ್ಲಿ ಆ ಸೌಲಭ್ಯವಿಲ್ಲ. ಹಗಲೆಲ್ಲಾ ಕುಡಿದ ಬಿಸಿಯನ್ನು ಅದು ರಾತ್ರಿ ನಮ್ಮ ಮೇಲೆ ಕಾರುತ್ತದೆ. ಆದ್ದರಿಂದ ಬೆಳಗ್ಗೆ ಹತ್ತರಿಂದ ಸಂಜೆಯವರೆಗೆ ಬಿಸಿಲು ಬೀಳುವ ಕಿಟಕಿ ಮುಚ್ಚಿ, ಮಗ್ರಿಬ್ ಆದ ಮೇಲೆ ಎದುರುಬದುರು ಕಿಟಕಿಗಳನ್ನು ತೆರೆಯಿರಿ. ಕಿಟಕಿಯ ಒಳಗಿನ ಪರದೆಗಿಂತ ಹೊರಗೆ ಕಟ್ಟಿದ ಬಿದಿರಿನ ಚಾಪೆ ಮೇಲು. ಅದು ಬಿಸಿಲನ್ನು ಗಾಜಿಗೆ ಮುಟ್ಟುವ ಮೊದಲೇ ತಡೆಯುತ್ತದೆ. ಎಸಿ ಇರುವ ಕೋಣೆಯ ಬಾಗಿಲ ಸಂದನ್ನು ಮಾತ್ರ ಮುಚ್ಚಿ. ಅಡುಗೆಮನೆಯ ಕಿಂಡಿ, ಗ್ಯಾಸ್ ಗೀಸರ್ ಇರುವ ಬಚ್ಚಲಿನ ಕಿಂಡಿಗಳನ್ನು ಎಂದೂ ಮುಚ್ಚಬೇಡಿ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದಾಗ ವಾಸನೆಯಿಲ್ಲದ ವಿಷಾನಿಲ ತುಂಬಿ ಬೆಂಗಳೂರಿನಲ್ಲಿ ಜೀವಗಳೇ ಹೋಗಿವೆ.

ಇಷ್ಟಾದ ಮೇಲೆ ಯಜಮಾನರ ಗಮನ ಸೋಲಾರ್ ಕಡೆ ತಿರುಗಿತು. ಚಾವಣಿಯ ಮೇಲೆ ಹಾಕುವ ವಸ್ತುಗಳಲ್ಲಿ ಸರ್ಕಾರ ನಿಜವಾಗಿ ಹಣ ಕೊಡುವುದು ಇದಕ್ಕೇ. 2024ರ ಫೆಬ್ರವರಿಯಲ್ಲಿ ಶುರುವಾದ ‘ಪಿಎಂ ಸೂರ್ಯಘರ್’ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಅಥವಾ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ. 2026–27ನೇ ಸಾಲಿನವರೆಗೆ ಎಂದು ನಿಗದಿಯಾದ ಯೋಜನೆ ಇದು. ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘವಾದರೆ ಸಾಮೂಹಿಕ ಬಳಕೆಯ ದೀಪ, ಪಂಪುಗಳಿಗಾಗಿ ಕಿಲೋವ್ಯಾಟ್‌ಗೆ 18,000. ಒಂದು ಕಿಲೋವ್ಯಾಟ್‌ಗೆ ನೆರಳು ಬೀಳದ ಸುಮಾರು ನೂರು ಚದರಡಿ ಜಾಗ ಬೇಕು. ನಮ್ಮ ಊರಿನ ಬಿಸಿಲಿಗೆ ಅದು ತಿಂಗಳಿಗೆ ಸುಮಾರು ನೂರರಿಂದ ನೂರಿಪ್ಪತ್ತು ಯೂನಿಟ್ ಕೊಡುತ್ತದೆ. ಫಲಕದ ನೆರಳಿನಿಂದ ಕೆಳಗಿನ ಕೋಣೆಯೂ ಒಂದಿಷ್ಟು ತಂಪಾಗುತ್ತದೆ.

ಆದರೆ ಗಡಿಬಿಡಿ ಬೇಡ. ಅರ್ಜಿ ಹಾಕುವ ಮೊದಲು ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಹರಡಿಕೊಂಡು ಕೂರಿ. ಬಿಲ್ಲು ಸೊನ್ನೆ ಬರುತ್ತಿರುವ ಮನೆಗೆ ಲಕ್ಷಗಟ್ಟಲೆ ಸೋಲಾರ್‌ನಿಂದ ಉಳಿತಾಯವಾಗುವುದು ಏನು? ಎರಡು ಸಂಸಾರದ ದೊಡ್ಡ ಮನೆ, ಹೊಲಿಗೆ ಯಂತ್ರ ಓಡುವ ಮನೆ, ತಿಂಗಳು ತಿಂಗಳೂ 200 ದಾಟುವ ಮನೆಗೆ ಅದು ಹೊಂದುತ್ತದೆ. ಗಂಡುಮಕ್ಕಳಿಬ್ಬರೂ ಕಂಪ್ಯೂಟರ್ ಹಚ್ಚಿಕೊಂಡು ಮನೆಯಿಂದಲೇ ಕೆಲಸ ಮಾಡುವ ನಮ್ಮ ಮನೆ ಬೇಸಿಗೆ ಬಿಟ್ಟರೂ ಗೆರೆಯ ಅಂಚಿಗೇ ಬಂದು ನಿಂತಿತ್ತು. ಹಾಗಾಗಿ ನಾವು ಯೋಚಿಸಿದೆವು.

ಒಂದು ಸಂಜೆ ಒಬ್ಬ ಏಜೆಂಟ್ ಬಂದು, “ಮೇಡಂ, ಎಲ್ಲಾ ಫ್ರೀ, ಸೈನ್ ಮಾಡಿ ಸಾಕು” ಅಂದ. ಫ್ರೀ ಅಲ್ಲ. 3 ಕಿಲೋವ್ಯಾಟ್‌ಗೆ ಎರಡು ಲಕ್ಷದ ಆಸುಪಾಸು ಖರ್ಚು. ಸಬ್ಸಿಡಿ ಬರುವುದು ಎಲ್ಲಾ ಮುಗಿದ ಮೇಲೆ. ಮೊದಲು ಯೋಜನೆಯ ಪೋರ್ಟಲ್‌ನಲ್ಲಿ ಬಿಲ್ಲಿನ ಅಕೌಂಟ್ ಐಡಿ ಹಾಕಿ ಅರ್ಜಿ, ನಂತರ ನೋಂದಾಯಿತ ಸಂಸ್ಥೆಯಿಂದ ಅಳವಡಿಕೆ, ಆಮೇಲೆ ಬೆಸ್ಕಾಂನ ತಪಾಸಣೆ ಮತ್ತು ನೆಟ್ ಮೀಟರ್. ಕೊನೆಗೆ ಹಣ ನಿಮ್ಮ ಬ್ಯಾಂಕ್ ಖಾತೆಗೆ ಬೀಳುತ್ತದೆ. ಫಲಕಗಳು ಭಾರತದಲ್ಲೇ ತಯಾರಾದವು ಆಗಿರಬೇಕು, ಇಲ್ಲವಾದರೆ ಸಬ್ಸಿಡಿ ಇಲ್ಲ. ಅಳವಡಿಸಿದವರು ಐದು ವರ್ಷ ನಿರ್ವಹಣೆ ಮಾಡಬೇಕು. ಇದನ್ನೆಲ್ಲಾ ಕರಾರಿನಲ್ಲಿ ಬರೆಸಿಕೊಳ್ಳಿ. ನೋಂದಾಯಿತ ಸಂಸ್ಥೆಗಳ ಪಟ್ಟಿ ಪೋರ್ಟಲ್‌ನಲ್ಲೇ ಇದೆ. ಬಾಗಿಲಿಗೆ ಬಂದವನ ಹೆಸರು ಅದರಲ್ಲಿದೆಯೇ ನೋಡಿ, ಮೂವರಿಂದ ದರ ಕೇಳಿ. ಬ್ಯಾಂಕಿನವರು ಇದಕ್ಕೆ ಸಾಲ ಕೊಡುತ್ತಾರೆ, ಸಾಲವೆಂದರೆ ಬಡ್ಡಿ. ಬಡ್ಡಿಯಿಂದ ದೂರವಿರಬೇಕೆನ್ನುವ ನಮ್ಮಂಥವರು ಮೊದಲೇ ಕೂಡಿಡಬೇಕಾಗುತ್ತದೆ, ಇಲ್ಲವೇ 1 ಕಿಲೋವ್ಯಾಟ್‌ನಿಂದ ಶುರು ಮಾಡಬೇಕಾಗುತ್ತದೆ. ಎಸಿಯ ಕಂತಿಗೆಂದು ತೆಗೆದಿಡಬೇಕಿದ್ದ ಹಣವನ್ನು ನಾವು ಕೂಡಿಡತೊಡಗಿದೆವು.

ಹಣ ಒಂದು ಮಟ್ಟಕ್ಕೆ ಬಂದಾಗ ಅರ್ಜಿ ಹಾಕಲು ಕುಳಿತೆವು. ಯಜಮಾನರು ಬಿಲ್ಲನ್ನು ಕೈಗೆತ್ತಿಕೊಂಡವರು ಸುಮ್ಮನಾದರು. ಬಿಲ್ಲಿನ ಮೇಲಿದ್ದದ್ದು ಮಾವನವರ ಹೆಸರು. ಅವರು ತೀರಿಕೊಂಡು ಹನ್ನೊಂದು ವರ್ಷ. ಅಷ್ಟು ವರ್ಷವೂ ಆ ಹೆಸರಿನ ಬಿಲ್ಲನ್ನು ನಾವು ಪ್ರತಿ ತಿಂಗಳು ನೋಡಿದ್ದೆವು, ಓದಿರಲಿಲ್ಲ. ಬಿಲ್ಲಿನ ಹೆಸರು, ಅರ್ಜಿದಾರರ ಹೆಸರು, ಬ್ಯಾಂಕ್ ಖಾತೆಯ ಹೆಸರು ಹೊಂದಿಕೆಯಾಗಬೇಕು. ಬಿಲ್ಲಿನ ಹೆಸರು ಬದಲಿಸಲು ಹೋದರೆ ಮನೆಯ ಖಾತಾ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ. ಅದೂ ಮಾವನವರದ್ದೇ. ಮರಣ ಪ್ರಮಾಣಪತ್ರ ಇತ್ತು. ನಾಡಕಚೇರಿಯಿಂದ ತರಬೇಕಾದ ವಂಶವೃಕ್ಷ ಇರಲಿಲ್ಲ. ಉಳಿದ ವಾರಸುದಾರರ ಒಪ್ಪಿಗೆ ಪತ್ರವೂ ಬೇಕಿತ್ತು.

ಪರಿಚಯದ ಟೈಪಿಂಗ್ ಅಂಗಡಿಯವರು ಸುಲಭದ ದಾರಿ ತೋರಿಸಿದರು. “ಸಾರ್, ಹೇಗೂ ಅಕ್ಕತಂಗಿಯರ ಸಹಿ ತಗೋತೀರಿ. ಒಟ್ಟಿಗೇ ಹಕ್ಕು ಬಿಡುಗಡೆ ಪತ್ರ ಮಾಡಿಸಿ ರಿಜಿಸ್ಟರ್ ಮಾಡಿಬಿಡಿ, ಮುಂದೆ ತಾಪತ್ರಯ ಇರಲ್ಲ.” ಕರಡನ್ನೂ ಅಚ್ಚು ಹಾಕಿ ಕೊಟ್ಟಿದ್ದರು. ಯಜಮಾನರು ಅದನ್ನು ಮನೆಗೆ ತಂದು ಮೇಜಿನ ಮೇಲಿಟ್ಟರು.

ಸಹೋದರಿಯರೇ, ಈ ಎರಡು ಕಾಗದಗಳ ವ್ಯತ್ಯಾಸ ತಿಳಿದಿರಲಿ. ‘ಮೀಟರನ್ನು ಇವರ ಹೆಸರಿಗೆ ಮಾಡಲು ನನ್ನ ಅಭ್ಯಂತರವಿಲ್ಲ’ ಎಂಬುದು ಒಂದು. ‘ಈ ಮನೆಯಲ್ಲಿ ನನಗಿರುವ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ’ ಎಂಬುದು ಇನ್ನೊಂದು. ಎಷ್ಟೋ ಹೆಣ್ಣುಮಕ್ಕಳು ಮೊದಲನೆಯದೆಂದು ತಿಳಿದು ಎರಡನೆಯದಕ್ಕೆ ಸಹಿ ಹಾಕಿಬಿಟ್ಟಿದ್ದಾರೆ.

ನಾನು ಕರಡನ್ನು ಓದಿ, “ಆಪಾ ಏನಂತಾರೆ?” ಎಂದು ಕೇಳಿದೆ. ತುಮಕೂರಿನಲ್ಲಿರುವ ಹಿರಿಯ ನಾದಿನಿಯನ್ನು ನಾವು ಕರೆಯುವುದು ಹಾಗೆ.

“ಅವರಿಬ್ಬರೂ ಯಾವತ್ತೂ ಕೇಳಿಲ್ಲವಲ್ಲ” ಅಂದರು ಯಜಮಾನರು.

ಮೂಲೆಯಲ್ಲಿ ತಸ್ಬೀಹ್ ಹಿಡಿದು ಕುಳಿತಿದ್ದ ಅತ್ತೆ ತಲೆಯೆತ್ತಿದರು. “ನೀನು ಯಾವತ್ತಾದರೂ ಕೊಟ್ಟು ನೋಡಿದ್ದೀಯಾ, ಬೇಟಾ?”

ಅಂದು ರಾತ್ರಿ ಯಜಮಾನರಿಗೆ ನಿದ್ದೆ ಬರಲಿಲ್ಲ. ನಸುಕಿನಲ್ಲೇ ಎದ್ದು ಕಾಗದ ಪೆನ್ನು ಹಿಡಿದು ಕುಳಿತರು. ಅನ್ನಿಸಾ ಅಧ್ಯಾಯದಲ್ಲಿ ಅಲ್ಲಾಹನು ನಿಗದಿ ಮಾಡಿದ ಲೆಕ್ಕ ನಮಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಮನೆಗೆ ಅದನ್ನು ಅನ್ವಯಿಸಿ ನೋಡಿರಲಿಲ್ಲ, ಅಷ್ಟೆ. ಪತ್ನಿಗೆ ಎಂಟನೇ ಒಂದು. ಉಳಿದದ್ದರಲ್ಲಿ ಮಗನಿಗೆ ಎರಡು ಪಾಲು, ಹೆಣ್ಣುಮಕ್ಕಳಿಬ್ಬರಿಗೆ ಒಂದೊಂದು. ಮನೆಯನ್ನು ಮೂವತ್ತೆರಡು ಭಾಗ ಮಾಡಿದರೆ ಅತ್ತೆಗೆ 4, ನಮ್ಮವರಿಗೆ 14, ನಾದಿನಿಯರಿಗೆ ತಲಾ 7. ನಾವು ಸುಣ್ಣ ಬಳಿದ ಚಾವಣಿ, ಫಲಕ ಹಾಕಬೇಕೆಂದಿದ್ದ ತಾರಸಿ, ಅರ್ಧಕ್ಕಿಂತ ಹೆಚ್ಚು ನಮ್ಮದಾಗಿರಲಿಲ್ಲ. ಕೆಳಗಿನ ಮನೆಯ ಬಾಡಿಗೆಯೂ ಅಷ್ಟೆ. ಅದು ಅತ್ತೆಯ ಔಷಧಿಗೂ ಮನೆಯ ರಿಪೇರಿಗೂ ಹೋಗುತ್ತದೆ ಎಂಬುದು ನಿಜ. ಆದರೆ ಅದನ್ನು ನಾದಿನಿಯರಿಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ, ಕೇಳಿರಲೂ ಇಲ್ಲ.

ಮುಂದಿನ ಭಾನುವಾರ ಆಪಾ ತುಮಕೂರಿನಿಂದ ಬಂದರು. ಊಟವಾದ ಮೇಲೆ ಯಜಮಾನರು ಕಾಗದವನ್ನು ಅವರ ಮುಂದಿಟ್ಟು, “ಇದು ನಿನ್ನ ಪಾಲು. ಮನೆ ಮಾರುವ ಹಾಗಿಲ್ಲ, ಅಮ್ಮೀ ಇದ್ದಾರೆ. ಒಮ್ಮೆಗೇ ಕೊಡುವ ಶಕ್ತಿಯೂ ನನಗಿಲ್ಲ. ಆದರೆ ಇದು ನಿನ್ನದು ಅಂತ ಬರೆದಿಡೋಣ” ಎಂದರು. ಆಪಾ ಬಹಳ ಹೊತ್ತು ಕಾಗದ ನೋಡಿದರು. ಆಮೇಲೆ, “ಎರಡು ವರ್ಷದ ಹಿಂದೆ ಮಗಳ ಕಾಲೇಜು ಫೀಸಿಗೆ ಬಳೆ ಅಡವಿಟ್ಟೆ. ಆಗ ಕೇಳೋಣ ಅಂತ ಫೋನ್ ತೆಗೆದುಕೊಂಡಿದ್ದೆ. ಕೇಳಿದರೆ ಮನೆಗೆ ಬರುವುದೇ ನಿಂತುಹೋದೀತು ಅಂತ ಹೆದರಿ ಇಟ್ಟುಬಿಟ್ಟೆ” ಎಂದರು. ಯಜಮಾನರು ಮಾತಾಡಲಿಲ್ಲ. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ.

ಈಗ ನಡೆಯುತ್ತಿರುವುದು ಹೀಗೆ. ವಂಶವೃಕ್ಷ ಬಂದಿದೆ. ಖಾತಾವನ್ನು ಎಲ್ಲಾ ವಾರಸುದಾರರ ಹೆಸರಿಗೆ ಜಂಟಿಯಾಗಿ ಮಾಡಿಸಲು ಅರ್ಜಿ ಕೊಟ್ಟಿದ್ದೇವೆ. ಮಿಶಿಗನ್‌ನ ನಾದಿನಿ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಒಪ್ಪಿಗೆ ಪತ್ರ ಕಳಿಸುತ್ತಿದ್ದಾಳೆ. ಮೀಟರಿಗೆ ಮಾತ್ರ ಒಪ್ಪಿಗೆ, ಹಕ್ಕಿನ ಬಿಡುಗಡೆ ಅಲ್ಲ. ಫಲಕದ ಖರ್ಚು ನಮ್ಮದು, ಮುಂದೆ ಮನೆ ಭಾಗವಾದರೆ ಅದನ್ನು ಬಿಚ್ಚಿ ಒಯ್ಯುವ ಹಕ್ಕೂ ನಮ್ಮದು ಎಂದು ನಾಲ್ಕು ಸಾಲು ಬರೆದು ಎಲ್ಲರೂ ಸಹಿ ಹಾಕಿದ್ದೇವೆ. ಕೆಳಗಿನ ಬಾಡಿಗೆಯ ಲೆಕ್ಕದ ಪುಸ್ತಕ ಮೂವರು ಮಕ್ಕಳಿಗೂ ತೆರೆದಿದೆ. ಸೋಲಾರ್‌ಗೆಂದು ಕೂಡಿಟ್ಟ ಹಣದಲ್ಲಿ ಒಂದು ಭಾಗ ಆಪಾರ ಬಳೆ ಬಿಡಿಸಲು ಹೋಯಿತು. ಅದನ್ನು ಅವರ ಪಾಲಿನ ಲೆಕ್ಕದಲ್ಲಿ ಬರೆದುಕೊಂಡಿದ್ದೇವೆ. ಹಾಗಾಗಿ 3 ಕಿಲೋವ್ಯಾಟ್ ಬದಲು 2 ಕಿಲೋವ್ಯಾಟ್. ಗಡುವಿನೊಳಗೆ ಕಾಗದಗಳು ಮುಗಿದರೆ 60,000 ರೂಪಾಯಿ ಸಬ್ಸಿಡಿ. ಮುಗಿಯದಿದ್ದರೆ ಇಲ್ಲ. ಸುಣ್ಣ ಬಳಿದ ತಾರಸಿಯಂತೂ ಇದ್ದೇ ಇದೆ.

ನೀವೂ ಇಂದು ಅಡುಗೆ ಮುಗಿಸಿ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಒಂದು ಫೈಲು ಮಾಡಿ. ಅದರಲ್ಲಿ ಹನ್ನೆರಡು ತಿಂಗಳ ಕರೆಂಟ್ ಬಿಲ್ಲು, ಖಾತಾ ಪ್ರತಿ, ತೆರಿಗೆ ಕಟ್ಟಿದ ರಸೀದಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಸೇರಲಿ. ತಾರಸಿಗೆ ಹತ್ತಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ನೀರಿನ ಟ್ಯಾಂಕಿನ ನೆರಳು, ಪಕ್ಕದ ಮನೆಯ ತೆಂಗಿನಮರದ ನೆರಳು ಎಲ್ಲಿಗೆ ಬೀಳುತ್ತದೆ ನೋಡಿ ಗುರುತು ಹಾಕಿ. ಯಾವ ತಿಂಗಳು 200 ದಾಟಿದ್ದೀರಿ, ಯಾಕೆ ದಾಟಿದ್ದೀರಿ ಎಂದು ಬರೆದಿಡಿ. ಆಮೇಲೆ ಬಿಲ್ಲಿನ ಮೇಲಿನ ಹೆಸರು ಓದಿ. ಅದು ಬದುಕಿಲ್ಲದವರ ಹೆಸರಾಗಿದ್ದರೆ, ಅರ್ಜಿಗಿಂತ ಮೊದಲು ಅವರ ಹೆಣ್ಣುಮಕ್ಕಳಿಗೆ ಒಂದು ಫೋನ್ ಮಾಡಿ.